ಕ್ಯಾಂಪಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಒಂದು ಇಸಿಜಿ

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 13 ವರ್ಷ. ರಜೆಯಲ್ಲಿ 10 ದಿನದ ಫುಟ್‌ಬಾಲ್ ಕ್ಯಾಂಪಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾನೆ. ಅಲ್ಲೇ ಉಳಿಯಬೇಕು, ದಿನಕ್ಕೆ ಎರಡು ಹೊತ್ತು ಅಭ್ಯಾಸ. ಅವರು ಕೊಟ್ಟ ಒಪ್ಪಿಗೆ ಪತ್ರದಲ್ಲಿ ‘ಶಿಬಿರದಲ್ಲಿ ಆಗುವ ಯಾವುದೇ ಗಾಯ, ಅನಾರೋಗ್ಯ ಅಥವಾ ಸಾವಿಗೆ ಆಯೋಜಕರು ಹೊಣೆಯಲ್ಲ’ ಎಂದೂ, ‘ಅಗತ್ಯ ಬಿದ್ದರೆ ಯಾವುದೇ ಚಿಕಿತ್ಸೆ ಕೊಡಿಸಲು ಒಪ್ಪಿಗೆ ಇದೆ’ ಎಂದೂ ಇದೆ. ಓದಿ ಎದೆ ಧಸಕ್ಕೆಂದಿತು. ‘ಎಲ್ಲ ಕಡೆ ಹೀಗೇ ಬರೆಸಿಕೊಳ್ಳುತ್ತಾರೆ, ಸಹಿ ಹಾಕು’ ಅನ್ನುತ್ತಾರೆ ನಮ್ಮವರು. ಹಾಕಲೇ? ಮಗನಿಗೆ ಸ್ವಲ್ಪ ಆಸ್ತಮಾ ಇದೆ, ಇನ್ಹೇಲರ್ ಬಳಸುತ್ತಾನೆ. ಹೋದ ವರ್ಷ ಶಾಲೆಯ ಓಟದ ಪಂದ್ಯದ ನಡುವೆ ಒಮ್ಮೆ ಕುಸಿದು ಬಿದ್ದಿದ್ದ, ಒಂದೆರಡು ನಿಮಿಷಕ್ಕೆ ಎದ್ದು ಕೂತ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆವು. ಇದನ್ನೆಲ್ಲ ಫಾರ್ಮಿನಲ್ಲಿ ಬರೆಯಬೇಕೇ? ಬರೆದರೆ ಸೇರಿಸಿಕೊಳ್ಳುವುದಿಲ್ಲವೇನೋ ಎಂಬ ಅಳುಕು.

ಉತ್ತರ: ನೀವು ಕೇಳಿರುವುದು ಸಹಿಯ ಬಗ್ಗೆ. ನನ್ನ ಕಣ್ಣು ನಿಂತದ್ದು ಮಾತ್ರ ಕೊನೆಯಲ್ಲಿ ನೀವು ಹೇಳಿಯೂ ಹೇಳದ ಹಾಗೆ ಸೇರಿಸಿದ ಸಂಗತಿಯ ಮೇಲೆ: ಓಡುತ್ತಿದ್ದಾಗಲೇ ಕುಸಿದು ಬಿದ್ದ ಎಂಬುದು. ಅದು ಇತ್ಯರ್ಥವಾಗದೆ ಪತ್ರದ ಮಾತಿಗೆ ಹೋಗಿ ಪ್ರಯೋಜನವಿಲ್ಲ.

ಮಕ್ಕಳು ಪ್ರಜ್ಞೆ ತಪ್ಪಿ ಬೀಳುವುದು ಅಪರೂಪವೇನಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಬಹಳ ಹೊತ್ತು ನಿಂತಾಗ, ರಕ್ತ ಕಂಡಾಗ, ಓಟ ಮುಗಿಸಿ ಗಕ್ಕನೆ ನಿಂತುಬಿಟ್ಟಾಗ ತಲೆ ಸುತ್ತಿ ಬೀಳುವ ಮಕ್ಕಳಲ್ಲಿ ಬಹುಪಾಲು ಮಂದಿಗೆ ಹೃದಯದ ತೊಂದರೆ ಇರುವುದಿಲ್ಲ. ಕಾಲಿಗಿಳಿದ ರಕ್ತ ಮೇಲೇರಲು ತಡವಾಗಿ ಮಿದುಳಿಗೆ ಕ್ಷಣಕಾಲ ಸಾಲದಾಗುತ್ತದೆ; ಮಲಗಿಸಿ ಕಾಲೆತ್ತಿ ಹಿಡಿದರೆ ಸರಿಹೋಗುತ್ತದೆ. ಓಟದ ನಡುವೆ, ಕಾಲು ಇನ್ನೂ ಚಲಿಸುತ್ತಿರುವಾಗ ಬಿದ್ದರೆ ಅದು ಬೇರೆಯೇ ಕಥೆ. ಹೃದಯದ ಸ್ನಾಯು ಅತಿಯಾಗಿ ದಪ್ಪಗಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕೊರೊನರಿ ರಕ್ತನಾಳ ಹುಟ್ಟಿನಿಂದಲೇ ತಪ್ಪು ಜಾಗದಿಂದ ಹೊರಟಿರುವುದು, ಹೃದಯದ ವಿದ್ಯುತ್ ಲಯ ಕೆಡಿಸುವ ಲಾಂಗ್ ಕ್ಯೂಟಿಯಂಥ ತೊಂದರೆಗಳು, ಇವೆಲ್ಲ ಮೊದಲ ಬಾರಿ ಮುಖ ತೋರಿಸುವುದು ಕೆಲವೊಮ್ಮೆ ಹೀಗೇ. ಎದ್ದು ಕೂತ ಮೇಲೆ ಹುಡುಗ ಪೂರ್ತಿ ಆರೋಗ್ಯವಾಗಿಯೇ ಕಾಣುತ್ತಾನೆ. ಮನೆಯವರು ಮರೆತುಬಿಡುವುದೂ ಅದಕ್ಕೇ.

ನಿಮ್ಮ ಮಗನಿಗೆ ಇವು ಯಾವುವೂ ಇಲ್ಲದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಖಾಲಿ ಹೊಟ್ಟೆ ಎಂಬ ನಿಮ್ಮ ವಿವರಣೆಯೂ ನಿಜವಿರಬಹುದು. ಆದರೆ ಅದು ಪರೀಕ್ಷೆಗಳೆಲ್ಲ ಮುಗಿದ ಮೇಲೆ ಬರಬೇಕಾದ ತೀರ್ಮಾನ. ಮಕ್ಕಳ ಹೃದಯತಜ್ಞರಿಗೆ ತೋರಿಸಿ. ‘ಓಡುತ್ತಿದ್ದಾಗ ಬಿದ್ದ’ ಎಂಬ ಮಾತನ್ನು ಒತ್ತಿ ಹೇಳಿ; ‘ಒಮ್ಮೆ ತಲೆ ಸುತ್ತು ಬಂದಿತ್ತು’ ಎಂದು ತೇಲಿಸಬೇಡಿ. ಇಸಿಜಿ, ಹೃದಯವನ್ನು ಸ್ಕ್ಯಾನ್ ಮಾಡಿ ನೋಡುವ ಎಕೋ ಮಾಡುತ್ತಾರೆ. ದೇಹ ದಣಿದಾಗ ಮಾತ್ರ ಕಾಣಿಸಿಕೊಳ್ಳುವ ಲಯದ ತೊಂದರೆಗಳಿರುವುದರಿಂದ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಹೇಳಬಹುದು. ಹೋಗುವ ಮೊದಲು ಎರಡೂ ಕಡೆಯ ಹಿರಿಯರನ್ನು ಕೂರಿಸಿಕೊಂಡು ವಿಚಾರಿಸಿ: ನೆಂಟರಲ್ಲಿ ಯಾರಾದರೂ 50 ವರ್ಷದೊಳಗೆ ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡಿದ್ದಾರೆಯೇ? ಚೆನ್ನಾಗಿ ಈಜು ಬರುತ್ತಿದ್ದವರು ನೀರಿನಲ್ಲಿ ಮುಳುಗಿ ತೀರಿಕೊಂಡದ್ದುಂಟೇ? ವೈದ್ಯರು ಇದನ್ನು ಕೇಳಿಯೇ ಕೇಳುತ್ತಾರೆ, ಕುರ್ಚಿಯಲ್ಲಿ ಕೂತು ನೆನಪಿಸಿಕೊಳ್ಳುವುದು ಕಷ್ಟ. ಫಲಿತಾಂಶ ಕೈಗೆ ಬರುವ ತನಕ ಓಟ, ಫುಟ್‌ಬಾಲ್, ಈಜು ಬೇಡ. ಶಾಲೆಯ ಆಟದ ಪೀರಿಯಡ್ ಕೂಡ ಬೇಡ.

ಆಟಕ್ಕಿಳಿಯುವ ಎಲ್ಲ ಮಕ್ಕಳಿಗೂ ಇಸಿಜಿ ಬೇಕೇ ಎಂಬುದರ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಇಟಲಿ 1982ರಿಂದ ಸ್ಪರ್ಧಾತ್ಮಕ ಕ್ರೀಡಾಪಟುಗಳಿಗೆ ಅದನ್ನು ಕಡ್ಡಾಯ ಮಾಡಿದೆ. ಅಮೆರಿಕದ ಹೃದ್ರೋಗ ಸಂಘ 14 ಅಂಶಗಳ ವಿಚಾರಣೆ ಮತ್ತು ದೇಹ ಪರೀಕ್ಷೆಯನ್ನು ಹೇಳುತ್ತದೆ; ಎಲ್ಲರಿಗೂ ಇಸಿಜಿ ಮಾಡಿದರೆ ಸುಳ್ಳು ಗಾಬರಿಗಳೇ ಹೆಚ್ಚುತ್ತವೆ ಎಂಬುದು ಅಲ್ಲಿಯ ವಾದ. ಆದರೆ ಓಡುವಾಗ ಪ್ರಜ್ಞೆ ತಪ್ಪಿದ ಮಗುವಿನ ವಿಷಯದಲ್ಲಿ ಎರಡೂ ಕಡೆಯವರದು ಒಂದೇ ಮಾತು: ಹೃದಯದ ಪರೀಕ್ಷೆ ಆಗಲೇಬೇಕು.

ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಕ್ಯಾಂಪಿನವರನ್ನು ಒಂದು ಮಾತು ಕೇಳಲೇಬೇಕು: ಮೈದಾನದಲ್ಲಿ ಎಇಡಿ ಇದೆಯೇ? ಲಯ ಕೆಟ್ಟು ರಕ್ತ ತಳ್ಳಲಾಗದ ಹೃದಯಕ್ಕೆ ಶಾಕ್ ಕೊಟ್ಟು ಲಯಕ್ಕೆ ತರುವ ಪುಟ್ಟ ಯಂತ್ರ ಅದು, ಏನು ಮಾಡಬೇಕೆಂದು ತಾನೇ ದನಿಯಲ್ಲಿ ಹೇಳುತ್ತದೆ. 2021ರ ಜೂನ್ 12ರಂದು ಯೂರೋ ಕಪ್ ಪಂದ್ಯದ ನಡುವೆ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಕುಸಿದು ಬಿದ್ದದ್ದನ್ನು ನಿಮ್ಮ ಮಗ ನೋಡಿರಬಹುದು. ಆ ಮಟ್ಟದ ಆಟಗಾರರಿಗೆ ಹೃದಯ ತಪಾಸಣೆ ಆಗುತ್ತಲೇ ಇರುತ್ತದೆ, ಆದರೂ ಬಿದ್ದರು. ಉಳಿಸಿದ್ದು ಮೈದಾನದಲ್ಲೇ ಸಿಕ್ಕ ಎದೆಯೊತ್ತು (ಸಿಪಿಆರ್) ಮತ್ತು ಶಾಕ್. ಎದೆಯೊತ್ತೂ ಇಲ್ಲದೆ ಶಾಕ್ ತಡವಾದರೆ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಶೇಕಡ 7ರಿಂದ 10ರಷ್ಟು ಕುಸಿಯುತ್ತದೆ. ಹಾಗಾಗಿ ‘ಆಸ್ಪತ್ರೆ ಹತ್ತಿರದಲ್ಲೇ ಇದೆ’ ಎಂಬುದು ಈ ಪ್ರಶ್ನೆಗೆ ಉತ್ತರವಲ್ಲ. ಕೋಚ್‌ಗಳಿಗೆ ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಯಾರದೂ ಡಿಕ್ಕಿಯಿಲ್ಲದೆ ತಾನೇ ಬಿದ್ದ ಹುಡುಗ ಕೈಕಾಲು ಅದುರಿಸಬಹುದು, ಬಿಟ್ಟುಬಿಟ್ಟು ಗೊರಕೆಯಂಥ ಉಸಿರು ಎಳೆಯಬಹುದು. ನೋಡುವವರು ಫಿಟ್ಸ್ ಎಂದುಕೊಂಡು ಕೈಕಟ್ಟಿ ಕಾಯುತ್ತಾರೆ. ಕರೆದರೆ ಓಗೊಡುತ್ತಿಲ್ಲ, ಉಸಿರಾಟ ಸರಿಯಿಲ್ಲ ಎಂದರೆ ಹೃದಯ ನಿಂತಿದೆಯೆಂದೇ ತಿಳಿದು ಎದೆಯೊತ್ತಲು ಶುರುಮಾಡಬೇಕು.

ಈಗ ಪತ್ರಕ್ಕೆ ಬರೋಣ. ಮೂರು ಬೇರೆ ಬೇರೆ ಕಾಗದಗಳನ್ನು ಒಂದೇ ಹಾಳೆಗೆ ತುರುಕಿದ್ದಾರೆ. ಫುಟ್‌ಬಾಲ್‌ನಲ್ಲಿ ಪೆಟ್ಟಾಗಬಹುದೆಂದು ನನಗೆ ಗೊತ್ತು ಅನ್ನುವುದು ಒಂದು. ಏನೇ ಆದರೂ ನಿಮ್ಮನ್ನು ಹೊಣೆ ಮಾಡುವುದಿಲ್ಲ ಅನ್ನುವುದು ಎರಡನೆಯದು. ನಾನಿಲ್ಲದಾಗ ಮಗನಿಗೆ ಚಿಕಿತ್ಸೆ ಕೊಡಿಸಿ ಅನ್ನುವುದು ಮೂರನೆಯದು.

ಮೊದಲನೆಯದು ಪ್ರಾಮಾಣಿಕವಾದದ್ದೇ, ಆದರೆ ಅದಕ್ಕೆ ಅರ್ಥ ಬರುವುದು ಅವರು ನಿಮಗೆ ಏನನ್ನಾದರೂ ತಿಳಿಸಿದ್ದರೆ ಮಾತ್ರ. ದಿನಕ್ಕೆ ಎಷ್ಟು ಗಂಟೆ ಆಡಿಸುತ್ತಾರೆ, ಯಾವ ಹೊತ್ತಿನಲ್ಲಿ, ಎಷ್ಟು ಮಕ್ಕಳಿಗೆ ಒಬ್ಬ ಕೋಚ್, ಪ್ರಥಮ ಚಿಕಿತ್ಸೆ ಬಲ್ಲವರು ಯಾರು, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂಬ ಒಂದು ಸಾಲೂ ಇಲ್ಲದ ಹಾಳೆಗೆ ಸಹಿ ಹಾಕಿದರೆ ನೀವು ಒಪ್ಪಿದ್ದು ಯಾವುದಕ್ಕೆ? ವೈದ್ಯಕೀಯದಲ್ಲಿ ಒಪ್ಪಿಗೆ ಎಂದರೆ ತಿಳಿದು ಕೊಟ್ಟ ಒಪ್ಪಿಗೆ. ಬೇಡವೆನ್ನಿಸಿದಾಗ ವಾಪಸು ಪಡೆಯುವ ಹಕ್ಕೂ ಅದರೊಳಗೇ ಇರುತ್ತದೆ. ನಾಲ್ಕನೆಯ ದಿನ ಮಗ ಫೋನ್ ಮಾಡಿ ಕರೆದುಕೊಂಡು ಹೋಗಿ ಎಂದರೆ ಹೋಗಿ ಕರೆತರಬಹುದು, ಸಹಿ ಅದಕ್ಕೆ ಅಡ್ಡಬರುವುದಿಲ್ಲ.

‘ಹೊಣೆಯಲ್ಲ’ ಎಂಬ ಎರಡನೆಯ ಸಾಲು ಕಾನೂನಿನ ವಿಷಯ, ದೇಶದಿಂದ ದೇಶಕ್ಕೆ ಬೇರೆ. ಡಿಕ್ಕಿ ಹೊಡೆದು ಕಾಲು ಉಳುಕುವುದು ಆಟದ ಜೊತೆಗೇ ಬರುವ ಅಪಾಯ. ನಡುಹಗಲಲ್ಲಿ ನೀರು ಕೊಡದೆ ಓಡಿಸುವುದು ಅಜಾಗರೂಕತೆ. ತಂದೆತಾಯಿ ಮುಂಚಿತವಾಗಿ ಸಹಿ ಹಾಕಿದ ಮಾತ್ರಕ್ಕೆ ಅಜಾಗರೂಕತೆಯ ವಿರುದ್ಧ ಮಗುವಿಗಿರುವ ಸ್ವಂತ ಹಕ್ಕು ಅಳಿಸಿಹೋಗುವುದಿಲ್ಲ ಎಂದು ಅನೇಕ ಕಡೆ ನ್ಯಾಯಾಲಯಗಳು ಹೇಳಿವೆ; ಅಂಥ ಸಹಿಗೆ ಬೆಲೆ ಕೊಟ್ಟ ಕಡೆಗಳೂ ಇವೆ. ಆ ಸಾಲು ನಿಮ್ಮ ನಿದ್ದೆ ಕೆಡಿಸಿದ್ದರೆ ವಕೀಲರನ್ನು ಕೇಳಿ. ವೈದ್ಯನಾಗಿ ನಾನು ಹೇಳಬಲ್ಲದ್ದು ಇಷ್ಟೇ: ಆ ಸಾಲಿನಿಂದ ಯಾರ ಮಂಡಿಯೂ ಉಳಿದಿಲ್ಲ, ಅದನ್ನು ಹೊಡೆದುಹಾಕಿದರೂ ಉಳಿಯುವುದಿಲ್ಲ.

ಸಹಿಯನ್ನು ಸರಿಯಾಗಿ ಬಳಸಿಕೊಂಡ ಒಂದು ಉದಾಹರಣೆ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಜ್ಯಾಕರಿ ಲಿಸ್ಟೆಡ್ ಎಂಬ 13ರ ಹುಡುಗ ಅಮೆರಿಕನ್ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ತಿಂದ, ಸ್ವಲ್ಪ ಹೊತ್ತು ಕೂತು ಮತ್ತೆ ಅದೇ ಪಂದ್ಯಕ್ಕೆ ಇಳಿದ, ಆಟ ಮುಗಿಯುತ್ತಿದ್ದಂತೆ ಕುಸಿದ. ಮಿದುಳಿನ ರಕ್ತಸ್ರಾವಕ್ಕೆ ಶಸ್ತ್ರಚಿಕಿತ್ಸೆಯಾಗಿ ಬದುಕಿದ; ಮತ್ತೆ ನಡೆಯುವುದನ್ನು ಕಲಿಯಲು ವರ್ಷಗಳೇ ಹಿಡಿದವು. 2009ರಲ್ಲಿ ಅವನ ಹೆಸರಿನಲ್ಲೇ ಕಾನೂನು ಬಂತು. ತಲೆಗೆ ಪೆಟ್ಟಾದ ಅನುಮಾನ ಬಂದ ಕೂಡಲೇ ಮಗುವನ್ನು ಆಟದಿಂದ ಹೊರತರಬೇಕು, ವೈದ್ಯರ ಲಿಖಿತ ಅನುಮತಿಯಿಲ್ಲದೆ ಮರಳಿ ಇಳಿಸಬಾರದು, ಮತ್ತು ತಲೆಯ ಪೆಟ್ಟಿನ ಮಾಹಿತಿ ಹಾಳೆಯನ್ನು ಪ್ರತಿ ವರ್ಷ ತಂದೆತಾಯಿಯೂ ಆಟಗಾರನೂ ಓದಿ ಸಹಿ ಹಾಕಬೇಕು. 2014ರ ಹೊತ್ತಿಗೆ ಅಲ್ಲಿನ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂದಿತ್ತು. ನಿಮ್ಮ ಕೈಯಲ್ಲಿರುವ ಪತ್ರ ಅಪಾಯದ ಹೆಸರು ಹೇಳಿ ಜಾರಿಕೊಳ್ಳುತ್ತದೆ; ಅಲ್ಲಿಯದು ಅಪಾಯದ ಲಕ್ಷಣ ಹೇಳಿಕೊಟ್ಟು ಸಹಿ ಕೇಳುತ್ತದೆ.

ಫುಟ್‌ಬಾಲ್‌ನಲ್ಲಿ ತಲೆಗೆ ತಲೆ ಬಡಿಯುವುದು, ಮೊಣಕೈ ತಗಲುವುದು ಸಾಮಾನ್ಯ. ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದಕ್ಕೆ ಕನ್ಕಶನ್ ಎನ್ನುತ್ತಾರೆ; ಅದಾಗಲು ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಪೆಟ್ಟಿನ ನಂತರ ತಲೆನೋವು, ವಾಕರಿಕೆ, ಮಂಕು, ಕೇಳಿದ್ದನ್ನೇ ಕೇಳುವುದು, ಬೆಳಕು ಸಹಿಸಲಾಗದಿರುವುದು, ಇಷ್ಟು ಸಾಕು. ಆ ದಿನ ಮತ್ತೆ ಆಟವಿಲ್ಲ, ಎಷ್ಟೇ ಚೆನ್ನಾಗಿದ್ದೇನೆ ಎಂದರೂ. ಆಮೇಲೆ ಒಂದೆರಡು ದಿನ ಹಗುರ ವಿಶ್ರಾಂತಿ, ನಂತರ ಹಂತಹಂತವಾಗಿ, ಹಂತಕ್ಕೆ ಕನಿಷ್ಠ 24 ಗಂಟೆ ಬಿಟ್ಟು, ಕೊನೆಗೆ ವೈದ್ಯರು ಒಪ್ಪಿದ ಮೇಲೆ ಪೂರ್ತಿ ಆಟ. ಲೆಕ್ಕ ಹಾಕಿ ನೋಡಿ, 10 ದಿನದ ಕ್ಯಾಂಪಿನಲ್ಲಿ ಮೊದಲ ವಾರ ತಲೆಗೆ ಪೆಟ್ಟಾದರೆ ಕ್ಯಾಂಪ್ ಅಲ್ಲಿಗೇ ಮುಗಿಯಿತು. ಮಕ್ಕಳು ಮುಚ್ಚಿಡುವುದು ಇದೇ ಕಾರಣಕ್ಕೆ.

ಬಿಸಿಲಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕ್ಯಾಂಪಿನ ಅಪಾಯಗಳಲ್ಲಿ ಪೂರ್ತಿಯಾಗಿ ತಪ್ಪಿಸಬಹುದಾದದ್ದು ಇದು. ಸೆಕೆಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ರಜೆಯಲ್ಲಿ ಮನೆಯೊಳಗಿದ್ದ ಹುಡುಗನನ್ನು ಮೊದಲ ದಿನವೇ ಎರಡು ಹೊತ್ತು ಓಡಿಸಿದರೆ, ಹೊಂದಿಕೊಳ್ಳುವ ಹೊತ್ತಿಗೆ ಕ್ಯಾಂಪೇ ಮುಗಿದಿರುತ್ತದೆ. ಹೀಟ್ ಸ್ಟ್ರೋಕ್ ಹೆಚ್ಚಾಗಿ ಬಡಿಯುವುದು ಮೊದಲ ಕೆಲವು ದಿನಗಳಲ್ಲೇ. ಮಿನ್ನೆಸೋಟದ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರ ಕೋರಿ ಸ್ಟ್ರಿಂಗರ್ 2001ರ ಆಗಸ್ಟ್ 1ರಂದು ತರಬೇತಿ ಶಿಬಿರದ ಬಿಸಿಲಿನಿಂದಲೇ ತೀರಿಕೊಂಡರು, ವಯಸ್ಸು 27.

ಮೈಯೊಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಿದುಳು ತಬ್ಬಿಬ್ಬಾದರೆ ಅದು ಹೀಟ್ ಸ್ಟ್ರೋಕ್. ಹುಡುಗ ತೂರಾಡುತ್ತಾನೆ, ಅಸಂಬದ್ಧ ಮಾತಾಡುತ್ತಾನೆ, ಸುಮ್ಮಸುಮ್ಮನೆ ರೇಗುತ್ತಾನೆ. ಬೆವರು ನಿಂತಿರುತ್ತದೆ ಎಂಬುದು ಹಳೆಯ ನಂಬಿಕೆ. ಓಡಿ ಬಂದ ಹುಡುಗ ತೊಪ್ಪೆಯಾಗಿ ಬೆವರುತ್ತಿದ್ದರೂ ಹೀಟ್ ಸ್ಟ್ರೋಕ್ ಆಗಿರಬಹುದು. ಹಣೆಗೆ ಹಿಡಿಯುವ ಥರ್ಮಾಮೀಟರ್ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಆಂಬುಲೆನ್ಸಿಗೆ ಫೋನ್ ಮಾಡಿ, ಆದರೆ ಅದು ಬರುವ ತನಕ ಕಾಯುತ್ತ ಕೂರಬಾರದು, ಬಂದ ಕೂಡಲೇ ಹತ್ತಿಸಲೂಬಾರದು. ಮೊದಲು ತಂಪು ಮಾಡಬೇಕು, ಅರ್ಧ ಗಂಟೆಯೊಳಗೆ. ಸಿದ್ಧತೆ ಮಾಡಿಕೊಂಡ ಕ್ಯಾಂಪಿನಲ್ಲಿ ನೆರಳಿನಡಿ ಒಂದು ಉದ್ದನೆಯ ಟಬ್ ಇರುತ್ತದೆ, ನೀರು ತುಂಬಿಸಿದ್ದು, ಪಕ್ಕದಲ್ಲಿ ಐಸ್ ಪೆಟ್ಟಿಗೆ. ಹುಡುಗನನ್ನು ಕುತ್ತಿಗೆಯ ತನಕ ಮುಳುಗಿಸಿ, ಕಂಕುಳಡಿ ಟವೆಲ್ ಹಾಯಿಸಿ ತಲೆ ನೀರಿಗಿಳಿಯದಂತೆ ಹಿಂದಿನಿಂದ ಒಬ್ಬರು ಹಿಡಿಯುತ್ತಾರೆ, ಇನ್ನೊಬ್ಬರು ನೀರು ಕದಡುತ್ತಿರುತ್ತಾರೆ, ಇಲ್ಲದಿದ್ದರೆ ಮೈ ಸುತ್ತಲಿನ ನೀರೇ ಬೆಚ್ಚಗಾಗಿ ಕೂತುಬಿಡುತ್ತದೆ. ಟಬ್ ಇಲ್ಲದಿದ್ದರೆ ಐಸ್ ನೀರಿನಲ್ಲಿ ಅದ್ದಿದ ಟವೆಲ್‌ಗಳನ್ನು ಮೈತುಂಬ ಹೊದಿಸಿ ಬಿಸಿಯಾದಂತೆ ಬದಲಿಸುತ್ತಿರಬೇಕು. ಫೋನಿನಲ್ಲಿ ಕೋಚ್‌ಗೆ ‘ಹೀಟ್ ಸ್ಟ್ರೋಕ್ ಆದರೆ ಏನು ಮಾಡುತ್ತೀರಿ’ ಎಂದು ಕೇಳಿ ಸುಮ್ಮನಿರಿ. ‘ನಮ್ಮಲ್ಲಿ ಹಾಗೆಲ್ಲ ಆಗುವುದಿಲ್ಲ’ ಎಂದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು. ತಡವಾಗಿ ಬಂದವರಿಗೆ, ಮಾತು ಕೇಳದವರಿಗೆ ಮೈದಾನ ಸುತ್ತುವ ಶಿಕ್ಷೆ ಇದೆಯೇ ಎಂದೂ ಕೇಳಿ. ಬಿಸಿಲಲ್ಲಿ ಶಿಕ್ಷೆಯ ಓಟದಷ್ಟು ಕೆಟ್ಟ ಪದ್ಧತಿ ಇನ್ನೊಂದಿಲ್ಲ: ಆಗಲೇ ಸುಸ್ತಾದ ಮಗುವೇ ನಿಲ್ಲಿಸಲು ಹೆದರುತ್ತದೆ.

ಆಸ್ತಮಾ ಇದೆಯೆಂದು ಆಟ ಬಿಡಿಸಬೇಕಿಲ್ಲ. ದಿನನಿತ್ಯದ ಔಷಧ ತಪ್ಪಬಾರದು. ತಕ್ಷಣ ಉಸಿರು ಬಿಡಿಸುವ ಇನ್ಹೇಲರ್ ಅವನ ಬ್ಯಾಗಿನಲ್ಲೇ, ಮೈದಾನದ ಅಂಚಿನಲ್ಲೇ ಇರಬೇಕು. ‘ಔಷಧಗಳೆಲ್ಲ ಆಫೀಸಿನಲ್ಲಿ ಒಪ್ಪಿಸಬೇಕು’ ಎಂಬ ನಿಯಮ ಕೆಲವು ಕ್ಯಾಂಪ್‌ಗಳಲ್ಲಿರುತ್ತದೆ. ಇನ್ಹೇಲರ್ ವಿಷಯದಲ್ಲಿ ಅದನ್ನು ಒಪ್ಪಬೇಡಿ, ಬೀಗದ ಕೈ ಹುಡುಕುವಷ್ಟು ಹೊತ್ತು ಇರುವುದಿಲ್ಲ. ಇನ್ಹೇಲರ್‌ಗೆ ಜೋಡಿಸಿ ಔಷಧ ಎಳೆದುಕೊಳ್ಳುವ ಕೊಳವೆ, ಅಂದರೆ ಸ್ಪೇಸರ್, ಜೊತೆಗೆ ಕಳಿಸಿ. ಡೋಸ್ ಎಷ್ಟು ಉಳಿದಿದೆ ನೋಡಿ, ಇನ್ನೊಂದು ಹೊಸದನ್ನು ಇಡಿ. ದಾಳಿ ಬಂದರೆ ಎಷ್ಟು ಪಫ್, ಎಷ್ಟು ಹೊತ್ತು ಬಿಟ್ಟು, ಯಾವಾಗ ಆಸ್ಪತ್ರೆಗೆ ಎಂಬುದನ್ನು ನಿಮ್ಮ ವೈದ್ಯರಿಂದಲೇ ಒಂದು ಹಾಳೆಯಲ್ಲಿ ಬರೆಸಿ ಕೋಚ್‌ಗೂ ವಾರ್ಡನ್‌ಗೂ ಕೊಡಿ. ಇನ್ನೊಂದು ಮಾತು, ಓಡುವಾಗ ಉಸಿರು ಸಿಕ್ಕಿಬಿದ್ದದ್ದೆಲ್ಲ ಆಸ್ತಮಾವೇ ಎಂದು ಈವರೆಗೆ ಅಂದುಕೊಂಡಿದ್ದರೆ ಅದನ್ನೂ ಹೃದಯತಜ್ಞರಿಗೆ ಹೇಳಿ.

ಇಷ್ಟು ಹೊತ್ತು ಹೇಳಿದವು ಅಪರೂಪದ, ಆದರೆ ಪ್ರಾಣಕ್ಕೆ ಬರುವ ಸಂಗತಿಗಳು. ನಿಜಕ್ಕೂ ಹೆಚ್ಚು ಮಕ್ಕಳು ಮನೆಗೆ ಹೊತ್ತು ತರುವುದು ಕಾಲುನೋವನ್ನು. 13ರ ಹುಡುಗ ಎತ್ತರ ಚಿಮ್ಮುವ ವಯಸ್ಸಿನಲ್ಲಿದ್ದಾನೆ. ಮೂಳೆಯ ತುದಿಯ ಬೆಳವಣಿಗೆಯ ಭಾಗ ಇನ್ನೂ ಮೆದು, ಸ್ನಾಯು ಅದನ್ನು ಎಳೆಯುತ್ತಲೇ ಇರುತ್ತದೆ. ಮಂಡಿಯ ಕೆಳಗಿನ ಗುಬುಟು, ಹಿಮ್ಮಡಿಯ ಹಿಂಭಾಗ ನೋಯುವುದು ಇದರಿಂದ. ವಾರಕ್ಕೆ ಎಷ್ಟು ಗಂಟೆ ಸಂಘಟಿತ ಆಟ ಎಂಬುದಕ್ಕೆ ಮಕ್ಕಳ ವೈದ್ಯರು ಬಳಸುವ ಒಂದು ಒರಟು ಅಳತೆ: ಮಗುವಿನ ವಯಸ್ಸಿಗಿಂತ ಹೆಚ್ಚು ಬೇಡ. 13 ವರ್ಷಕ್ಕೆ 13 ಗಂಟೆ. ದಿನಕ್ಕೆ 5 ಗಂಟೆ ಆಡಿಸುವ ಕ್ಯಾಂಪ್ ಅದನ್ನು ಮೂರನೆಯ ದಿನಕ್ಕೇ ದಾಟುತ್ತದೆ. ನಡುವೆ ಒಂದು ದಿನ ಪೂರ್ತಿ ಬಿಡುವು ಇದೆಯೇ ಕೇಳಿ. ನೋವಿನ ಮಾತ್ರೆ ನುಂಗಿಸಿ ಆಡಿಸುವುದಕ್ಕೆ ಖಡಾಖಂಡಿತವಾಗಿ ಬೇಡವೆಂದು ಬರೆದುಕೊಡಿ. ಬೆವರಿ ನೀರಿನಂಶ ಕಳೆದುಕೊಂಡ ದೇಹದಲ್ಲಿ ಇಬುಪ್ರೊಫೇನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲವು, ಕೆಲವರಲ್ಲಿ ಆಸ್ತಮಾವನ್ನೂ ಕೆರಳಿಸಬಲ್ಲವು.

ಇನ್ನು ‘ಯಾವುದೇ ಚಿಕಿತ್ಸೆ’ ಎಂಬ ಸಾಲು. ಇದನ್ನು ಹಾಗೇ ಬಿಡಬೇಡಿ. ಪ್ರಾಣಾಪಾಯದ ಹೊತ್ತಿನಲ್ಲಿ ವೈದ್ಯರು ಸಾಮಾನ್ಯವಾಗಿ ಯಾರ ಸಹಿಗೂ ಕಾಯುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ಮೂಳೆ ಮುರಿದು ಆಪರೇಷನ್ ಬೇಕು, ಆದರೆ ನಾಲ್ಕು ಗಂಟೆ ತಡೆಯಬಹುದು ಎಂಬಂಥ ಸಂದರ್ಭದಲ್ಲಿ ನಿರ್ಧಾರ ನಿಮ್ಮದೇ ಆಗಿರಬೇಕು. ಆ ಸಾಲನ್ನು ಹೊಡೆದು ಹೀಗೆ ಬರೆಯಿರಿ: ‘ಮೊದಲು ಈ ಎರಡು ನಂಬರಿಗೆ ಫೋನ್ ಮಾಡಬೇಕು. ನಾವು ಸಿಗದಿದ್ದರೆ, ತಡಮಾಡಿದರೆ ಹಾನಿಯಾಗುವಂಥ ತುರ್ತು ಚಿಕಿತ್ಸೆಗೆ ಒಪ್ಪಿಗೆ ಇದೆ. ಇಂಜೆಕ್ಷನ್, ನೋವಿನ ಮಾತ್ರೆ, ಮಸಾಜ್ ನಮ್ಮನ್ನು ಕೇಳದೆ ಬೇಡ.’ ಕೆಳಗೆ ಅಲರ್ಜಿ, ಈಗಿನ ಔಷಧ, ರಕ್ತದ ಗುಂಪು.

ಮಸಾಜ್ ಸೇರಿಸಿದ್ದು ಬೇಕೆಂದೇ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ವರ್ಷಗಟ್ಟಲೆ ಚಿಕಿತ್ಸೆಯ ಹೆಸರಿನಲ್ಲೇ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ, ಕೆಲವು ಸಲ ಹೆತ್ತವರು ಅದೇ ಕೋಣೆಯಲ್ಲಿ ಕೂತಿದ್ದರು. 2018ರಲ್ಲಿ ಅವನಿಗೆ ಶಿಕ್ಷೆ ವಿಧಿಸುವಾಗ 150ಕ್ಕೂ ಹೆಚ್ಚು ಮಂದಿ ನೋವು ಹೇಳಿಕೊಂಡರು. ಗಂಡುಮಕ್ಕಳಿಗೆ ಇದೆಲ್ಲ ಆಗುವುದಿಲ್ಲ ಎಂದುಕೊಳ್ಳಬೇಡಿ. ಮಗುವನ್ನು ಒಬ್ಬ ದೊಡ್ಡವರು ಒಂಟಿಯಾಗಿ ಮುಚ್ಚಿದ ಕೋಣೆಯಲ್ಲಿ ಪರೀಕ್ಷಿಸಬಾರದು, ರಾತ್ರಿ ಮಲಗುವಲ್ಲಿ ಇಬ್ಬರು ಜವಾಬ್ದಾರರಿರಬೇಕು, ಮಕ್ಕಳಿಗೆ ಮನೆಗೆ ಫೋನ್ ಮಾಡಲು ಬಿಡಬೇಕು. ಇದನ್ನು ಕೇಳಿದ್ದಕ್ಕೆ ಯಾವ ಒಳ್ಳೆಯ ಆಯೋಜಕರೂ ಮುಖ ಗಂಟಿಕ್ಕುವುದಿಲ್ಲ.

ಫಾರ್ಮಿನಲ್ಲಿ ಎಲ್ಲವನ್ನೂ ಬರೆಯಿರಿ, ಆಸ್ತಮಾ, ಬಿದ್ದ ಘಟನೆ, ಪರೀಕ್ಷೆಯ ಫಲಿತಾಂಶ. ಬಚ್ಚಿಟ್ಟರೆ ಮಗ ಮೈದಾನದಲ್ಲಿ ಕುಸಿದಾಗ ಪಕ್ಕದಲ್ಲಿರುವವರು ಕುರುಡಾಗಿರುತ್ತಾರೆ. ಮಧುಮೇಹ, ಅಪಸ್ಮಾರ ಇರುವ ಮಕ್ಕಳೂ ಕ್ಯಾಂಪ್‌ಗಳಲ್ಲಿ ಆರಾಮವಾಗಿ ಆಡುತ್ತಾರೆ, ನೋಡಿಕೊಳ್ಳುವವರಿಗೆ ಗೊತ್ತಿರಬೇಕು ಅಷ್ಟೇ. ಈ ವಿವರ ಯಾರ ಕೈಗೆ ಹೋಗುತ್ತದೆ, ಕ್ಯಾಂಪ್ ಮುಗಿದ ಮೇಲೆ ಏನು ಮಾಡುತ್ತಾರೆ ಎಂದು ಕೇಳುವುದು ನಿಮ್ಮ ಹಕ್ಕು. ನೋಡದೆಯೇ ‘ಫಿಟ್’ ಎಂದು ಬರೆದುಕೊಡುವ ನನ್ನ ವೃತ್ತಿಬಾಂಧವರೂ ಇದ್ದಾರೆ, ಅಂಥ ಸರ್ಟಿಫಿಕೇಟು ತರಬೇಡಿ.

ಮಗನನ್ನೂ ಈ ಮಾತಿನಲ್ಲಿ ಕೂರಿಸಿಕೊಳ್ಳಿ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ಬೆಲೆಯಿರಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ನನ್ನ ಕಾರಣ ಇನ್ನೂ ಸರಳ, ಎದೆ ಹಿಡಿದುಕೊಂಡದ್ದು, ತಲೆ ಸುತ್ತಿದ್ದು ಮೊದಲು ಗೊತ್ತಾಗುವುದು ಅವನಿಗೇ. ಎದೆನೋವು, ಓಡುವಾಗ ಕಣ್ಣು ಕತ್ತಲೆ, ತಲೆಗೆ ಪೆಟ್ಟು, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದಾದರೂ ಆದರೆ ತಕ್ಷಣ ನಿಲ್ಲಬೇಕು, ಹೇಳಬೇಕು, ಅದಕ್ಕಾಗಿ ಮನೆಯಲ್ಲಿ ಯಾರೂ ಬೈಯುವುದಿಲ್ಲ ಎಂದು ನೀವಿಬ್ಬರೂ ಸೇರಿ ಹೇಳಿ. ಈಗ ಹೃದಯ ಪರೀಕ್ಷೆ ಯಾಕೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ. ಈ ವಯಸ್ಸಿನವರಿಗೆ ಅರ್ಥವಾಗುತ್ತದೆ.

ತಜ್ಞರು ಆಡಬಹುದು ಎಂದರೆ, ಎಇಡಿ, ಐಸ್, ಇನ್ಹೇಲರ್, ರಾತ್ರಿಯ ವ್ಯವಸ್ಥೆಯ ಪ್ರಶ್ನೆಗಳಿಗೆ ಕ್ಯಾಂಪಿನವರು ತಡವರಿಸದೆ ಉತ್ತರಿಸಿದರೆ, ಮತ್ತು ಚಿಕಿತ್ಸೆಯ ಸಾಲನ್ನು ನೀವು ತಿದ್ದಿದ್ದನ್ನು ಒಪ್ಪಿದರೆ, ‘ಹೊಣೆಯಲ್ಲ’ ಎಂಬ ಸಾಲು ಉಳಿದಿದ್ದರೂ ನಾನಾದರೆ ಸಹಿ ಹಾಕಿ ಕಳಿಸುತ್ತೇನೆ. ಸಹಿಯಾದ ಹಾಳೆಯ ಒಂದು ಪ್ರತಿ ನಿಮ್ಮಲ್ಲಿರಲಿ. ಪರೀಕ್ಷೆ ಮುಗಿಯುವ ಮೊದಲೇ ಕ್ಯಾಂಪಿನ ತಾರೀಖು ಬಂದುಬಿಟ್ಟರೆ ಈ ಸಲ ಬೇಡ. ಅವನು ಎರಡು ದಿನ ಮಾತು ಬಿಡುತ್ತಾನೆ, ಬಿಡಲಿ. ರಿಪೋರ್ಟುಗಳು ಬಂದ ಮೇಲೆ ಗೊಂದಲವಿದ್ದರೆ ಮತ್ತೆ ಬರೆಯಿರಿ.